ಕುಂಡದ ಮಣ್ಣು ಮನೆಯಲ್ಲೇ ಕಲಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಾಲ್ಕನಿಯಲ್ಲೋ ತಾರಸಿಯಲ್ಲೋ ಮೊದಲ ಸಲ ಕುಂಡ ಇಡಲು ಹೊರಟವರು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇವೆ. ಪಾಲಿನ ಲೆಕ್ಕವೆಲ್ಲ ಗಾತ್ರದ್ದು, ತೂಕದ್ದಲ್ಲ. ಒಂದು ಪಾಲು ಅಂದರೆ ಒಂದೇ ಪಾತ್ರೆಯಲ್ಲಿ ತುಂಬಿ ತಲೆ ಸವರಿದಷ್ಟು. ಖಾಲಿ ಪೇಂಟ್ ಬಕೆಟ್ ಇದ್ದರೆ ಬೇರೆ ಅಳತೆ ಪಾತ್ರೆ ಹುಡುಕಬೇಡಿ.

## ಶುರು ಮಾಡುವ ಮುಂಚೆ

ಸೈಟಲ್ಲಿ ಬೇಕಾದಷ್ಟು ಮಣ್ಣಿದೆ. ಅದನ್ನೇ ಕುಂಡಕ್ಕೆ ತುಂಬಿದ್ರೆ ಏನಾಗುತ್ತೆ?

ಮೊದಲ ಹದಿನೈದು ದಿನ ಏನೂ ಆಗುವುದಿಲ್ಲ, ಅದಕ್ಕೇ ಜನ ಮೋಸಹೋಗುವುದು. ನೆಲದಲ್ಲಿ ನೀರು ಆಳಕ್ಕೆ ಇಳಿಯುತ್ತದೆ, ಎರೆಹುಳ ಮತ್ತು ಹಳೆ ಬೇರುಗಳು ದಾರಿ ಕೊರೆದಿರುತ್ತವೆ. ಕುಂಡದಲ್ಲಿ ಇರುವುದು ಒಂದಡಿ ಮಣ್ಣು, ಅದಕ್ಕೆ ದಿನಾ ನೀರು. ಪ್ರತಿ ಸಲ ನೀರು ಬಿದ್ದಾಗ ಜೇಡಿಯ ನುಣ್ಣನೆ ಕಣಗಳು ಸಂದುಗಳಿಗೆ ಇಳಿದು ಕೂರುತ್ತವೆ. ತಿಂಗಳಾಗುವಷ್ಟರಲ್ಲಿ ಮಣ್ಣು ಹೆಂಟೆಯಾಗಿ ಕುಂಡದ ಗೋಡೆ ಬಿಟ್ಟು ನಿಲ್ಲುತ್ತದೆ. ಹಾಕಿದ ನೀರು ಆ ಸಂದಿಯಲ್ಲಿ ಇಳಿದುಹೋಗುತ್ತದೆ, ನಡುವೆ ಮಾತ್ರ ಒಣಗು. ಮಳೆಗಾಲದಲ್ಲಿ ಇದೇ ಮಣ್ಣು ಕೆಸರಾಗಿ ಬೇರಿನ ಉಸಿರು ಕಟ್ಟಿಸುತ್ತದೆ. ಕುಂಡದ ಗಿಡಗಳಲ್ಲಿ ಗೊಬ್ಬರ ಸಾಲದೆ ಸತ್ತದ್ದಕ್ಕಿಂತ ಬೇರಿಗೆ ಗಾಳಿ ಸಾಲದೆ ಸತ್ತದ್ದೇ ಹೆಚ್ಚು. ಕೆಳಗಿನ ಅಳತೆಗಳೆಲ್ಲ ಮುಖ್ಯವಾಗಿ ಈ ಗಾಳಿಗಾಗಿ.

ಇನ್ನೊಂದು ಮಾತು: ಪಾಯ ತೋಡಿದ ಮಣ್ಣನ್ನಂತೂ ಬಳಸಬೇಡಿ. ಅದು ಆಳದ ಮಣ್ಣು, ಸತ್ವವಿಲ್ಲ. ಸಾಲದ್ದಕ್ಕೆ ಸಿಮೆಂಟು, ಗಾರೆ ಚೂರು ಸೇರಿರುತ್ತದೆ.

ಜಾಸ್ತಿ ವಿವರ ಬೇಡ, ತರಕಾರಿಗೆ ಒಂದು ಅಳತೆ ಹೇಳಿಬಿಡಿ.

ಕೆಂಪು ಮಣ್ಣು 3 ಪಾಲು, ಹಳತಾದ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ 3 ಪಾಲು, ತೊಳೆದ ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ) 3 ಪಾಲು, ಕಪ್ಪಗೆ ಸುಟ್ಟ ಭತ್ತದ ಹೊಟ್ಟು 1 ಪಾಲು. ಇಂಥ ಮಿಶ್ರಣದ ಪ್ರತಿ 20 ಲೀಟರಿಗೆ ಬೇವಿನ ಹಿಂಡಿ 100 ಗ್ರಾಂ, ಎಲುಬಿನ ಪುಡಿ 50 ಗ್ರಾಂ.

12 ಇಂಚು ಅಗಲ, 12 ಇಂಚು ಎತ್ತರದ ಗ್ರೋ ಬ್ಯಾಗ್‌ಗೆ, ಮೇಲೆ ಒಂದೂವರೆ ಇಂಚು ಬಿಟ್ಟು ತುಂಬಿದರೆ, ಸುಮಾರು 19 ಲೀಟರ್ ಹಿಡಿಯುತ್ತದೆ. ಆದರೆ ಬಿಡಿ ಸಾಮಾನು 22 ಲೀಟರಾದರೂ ಬೇಕು. ಒಂದು ಸೇರು ಹುರಿಗಡಲೆಗೆ ಒಂದು ಸೇರು ರಾಗಿ ಬೆರೆಸಿದರೆ ಎರಡು ಸೇರು ಆಗುವುದಿಲ್ಲವಲ್ಲ, ಸಣ್ಣದು ದೊಡ್ಡದರ ಸಂದಿಗೆ ಸೇರಿಬಿಡುತ್ತದೆ. ಇಲ್ಲೂ ಅಷ್ಟೇ.

ಹೊಟ್ಟು ಸುಟ್ಟು ಕಪ್ಪಗಿರಬೇಕು, ಬಿಳಿ ಬೂದಿಯಾಗಿರಬಾರದು. ಬೂದಿ ಸಂದು ಮುಚ್ಚುತ್ತದೆ, ಕರಿ ಸಂದು ಬಿಡಿಸುತ್ತದೆ. ಅದು ಸಿಗದಿದ್ದರೆ ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಬಿಳಿ ಕಲ್ಲಿನ ಹರಳು), ಇಲ್ಲವೇ 2ರಿಂದ 4 ಮಿಲಿಮೀಟರ್ ದಪ್ಪದ ಮರಳು. ಎಂ-ಸ್ಯಾಂಡ್ ಆದರೆ ಜರಡಿ ಹಿಡಿದು, ದೂಳು ತೊಳೆದು ಬಳಸಿ. ನುಣ್ಣನೆ ಮರಳು ಹಾಕುವುದಕ್ಕಿಂತ ಹಾಕದಿರುವುದೇ ವಾಸಿ. ಸಮುದ್ರದ ಮರಳು ಬೇಡವೇ ಬೇಡ, ಉಪ್ಪು.

ಕೆಂಪು ಮಣ್ಣೇ ಆಗ್ಬೇಕಾ? ನಮ್ಮ ಕಡೆ ಸಿಗೋದೆಲ್ಲ ಎರೆ ಮಣ್ಣು.

ಆಗಬೇಕೆಂದೇನಿಲ್ಲ, ಪಾಲು ಬದಲಾಗಬೇಕು. ಧಾರವಾಡ, ಗದಗ, ವಿಜಯಪುರದ ಕಡೆಯ ಎರೆ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಪೋಷಕಾಂಶ ಹಿಡಿದಿಟ್ಟುಕೊಳ್ಳುವುದರಲ್ಲಿ ಕೆಂಪು ಮಣ್ಣಿಗಿಂತ ಗಟ್ಟಿ. ಅದಕ್ಕೆ 3 ಪಾಲಿನ ಬದಲು ಒಂದೂವರೆ ಪಾಲು ಹಾಕಿ, ಉಳಿದದ್ದನ್ನು ದಪ್ಪ ಮರಳು ಅಥವಾ ಸುಟ್ಟ ಹೊಟ್ಟಿನಿಂದ ತುಂಬಿ. ಕರಾವಳಿಯ ಮುರಕಲ್ಲು ಮಣ್ಣಿನಲ್ಲಿ ನೀರು ಚೆನ್ನಾಗಿ ಇಳಿಯುತ್ತದೆ, ಆದರೆ ಜೋರು ಮಳೆಗೆ ಸುಣ್ಣದಂಶ ತೊಳೆದುಹೋಗಿ ಹುಳಿಯಾಗಿರುತ್ತದೆ. 20 ಲೀಟರಿಗೆ ಒಂದು ಮುಷ್ಟಿ ಸೌದೆ ಒಲೆಯ ಬೂದಿ ಸೇರಿಸಿದರೆ ಸಾಕು.

ಯಾವ ಮಣ್ಣೆಂದು ಗೊತ್ತಾಗದಿದ್ದರೆ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದಷ್ಟು ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕೂತದ್ದು ಮರಳು, ಎರಡು ಗಂಟೆಯಲ್ಲಿ ಅದರ ಮೇಲೆ ಕೂತದ್ದು ಗೋಡು. ಮಾರನೇ ದಿನವೂ ನೀರು ಕದಡಿಯೇ ಇದ್ದರೆ ಅದು ಜೇಡಿ. ಅದೂ ಕೂತಮೇಲೆ ಜೇಡಿಯ ಪದರ ಒಟ್ಟು ಮಣ್ಣಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಎರೆ ಮಣ್ಣಿನ ಲೆಕ್ಕವೇ ಹಿಡಿಯಿರಿ.

ಕೋಕೋಪೀಟ್ ಇಟ್ಟಿಗೆ ತಂದಿದೀನಿ. ತೊಳೀಬೇಕಂತೆ, ನಿಜಾನಾ?

ನಿಜ. ತೆಂಗಿನ ಸಿಪ್ಪೆಯಲ್ಲೇ ಪೊಟ್ಯಾಶ್, ಸೋಡಿಯಂ ಉಪ್ಪುಗಳಿವೆ. ಹಿನ್ನೀರಿನಲ್ಲಿ ಕೊಳೆಸಿದ ನಾರಿನಿಂದ ಬಂದದ್ದಾದರೆ ಇನ್ನೂ ಹೆಚ್ಚು. ತೊಳೆಯದೆ ಹಾಕಿದರೆ ಎಲೆಯ ಅಂಚು ಸುಟ್ಟಂತಾಗುತ್ತದೆ, ಸಸಿ ಮೇಲೇಳುವುದಿಲ್ಲ.

650 ಗ್ರಾಂ ಇಟ್ಟಿಗೆಗೆ 4 ಲೀಟರ್ ನೀರು ಹಾಕಿ, ಅರ್ಧ ಗಂಟೆಯಲ್ಲಿ ಅರಳಿ 8ರಿಂದ 9 ಲೀಟರ್ ಆಗುತ್ತದೆ. 5 ಕೆಜಿ ದಿಮ್ಮಿ 70 ಲೀಟರಿನ ಆಸುಪಾಸು ಆಗುತ್ತದೆ, ಹಾಗಾಗಿ ಬಕೆಟ್ಟಿನಲ್ಲಿ ನೆನೆಸಲು ಹೋಗಬೇಡಿ. ಅರಳಿದ್ದನ್ನು ಹಳೇ ಪಂಚೆಯಲ್ಲಿ ಕಟ್ಟಿ ಹಿಂಡಿ, ಮತ್ತೆ ನೀರು, ಮತ್ತೆ ಹಿಂಡುವುದು. ಹೀಗೆ ಮೂರು ಸಲ. ಮೊದಲ ನೀರು ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ, ಮೂರನೆಯದು ತೆಳು ಚಹಾದಂತೆ. ಬಣ್ಣ ತಿಳಿಯಾಯಿತೆಂದು ನಿಲ್ಲಿಸಬೇಡಿ, ಯಾಕೆಂದರೆ ಬಣ್ಣ ಟ್ಯಾನಿನ್‌ನದು, ಉಪ್ಪಿಗೆ ಬಣ್ಣವಿಲ್ಲ. ಕೊನೆಯ ಸಲ 10 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಕೃಷಿ ಜಿಪ್ಸಂ ಕರಗಿಸಿ ರಾತ್ರಿಯಿಡೀ ನೆನೆಸಿಟ್ಟರೆ, ನಾರಿಗೆ ಅಂಟಿಕೊಂಡ ಸೋಡಿಯಂ ಬಿಟ್ಟು ಆ ಜಾಗದಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ಬೆಳಗ್ಗೆ ಒಮ್ಮೆ ಹಿಂಡಿ ಬಳಸಿ.

ಗೊಬ್ಬರ ಚೆನ್ನಾಗಿ ಕಳಿತಿದೆ ಅಂತ ಹೇಗೆ ಗೊತ್ತಾಗುತ್ತೆ? ಅಂಗಡಿಯವರು ಎಲ್ಲದಕ್ಕೂ ಹೂಂ ಅಂತಾರೆ.

ಮೂಗು, ಕೈ, ಬೀಜ, ಮೂರನ್ನೂ ಬಳಸಿ. ಕಳಿತ ಗೊಬ್ಬರಕ್ಕೆ ಮೊದಲ ಮಳೆಯ ಮಣ್ಣಿನ ವಾಸನೆ ಇರುತ್ತದೆ, ಸಗಣಿಯದ್ದಲ್ಲ. ರಾಶಿಯೊಳಗೆ ಕೈ ಹಾಕಿದರೆ ಬಿಸಿ ತಾಗಬಾರದು. ಅನುಮಾನವಿದ್ದರೆ ಒದ್ದೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಮೂರು ದಿನ ನೆರಳಲ್ಲಿ ಇಡಿ. ಬಿಚ್ಚಿದಾಗ ಗಬ್ಬೆಂದರೆ ಇನ್ನೂ ಹಸಿ. ಕೊನೆಯದಾಗಿ ಒಂದು ಬಟ್ಟಲಿನಲ್ಲಿ ಹತ್ತು ಮೆಂತ್ಯದ ಕಾಳು ಬಿತ್ತಿ. ಎಂಟಕ್ಕಿಂತ ಕಡಿಮೆ ಮೊಳೆತರೆ, ಅಥವಾ ಮೊಳಕೆಯ ಬೇರು ತುದಿ ಕಂದಾದರೆ, ಆ ಗೊಬ್ಬರವನ್ನು ಇನ್ನೊಂದು ತಿಂಗಳು ಮೂಲೆಗಿಡಿ.

ಕುರಿ ಗೊಬ್ಬರ ಖಾರ, ಅರ್ಧ ಪಾಲು ಸಾಕು. ಕೋಳಿ ಗೊಬ್ಬರ ಹೊಸಬರಿಗೆ ಬೇಡ.

## ಕಲಸುವಾಗ

ಎಲ್ಲಾ ಒಟ್ಟಿಗೆ ಸುರಿದು ಕಲಸಿದ್ರೆ ಆಗಲ್ವಾ? ಕ್ರಮ ಅಂತ ಏನಾದ್ರೂ ಇದೆಯಾ?

ಇದೆ. ಹಿಂಡಿ ಮತ್ತು ಎಲುಬಿನ ಪುಡಿ ಕಡಿಮೆ ಪ್ರಮಾಣದವು. ನೇರ ಸುರಿದರೆ ಒಂದೆಡೆ ಗುಡ್ಡೆಯಾಗಿ ಅಲ್ಲಿನ ಬೇರು ಸುಟ್ಟುಹೋಗುತ್ತದೆ. ಅವನ್ನು ಮೊದಲು ಒಂದು ಬೊಗಸೆ ಗೊಬ್ಬರದಲ್ಲಿ ಬೆರೆಸಿ, ಆ ಗೊಬ್ಬರವನ್ನು ಉಳಿದ ಗೊಬ್ಬರಕ್ಕೆ, ಅದನ್ನು ಒಣ ಮಣ್ಣಿಗೆ. ಒದ್ದೆ ಕೋಕೋಪೀಟ್ ಕೊನೆಗೆ. ಮೊದಲೇ ಹಾಕಿದರೆ ಮಣ್ಣು ಉಂಡೆ ಕಟ್ಟುತ್ತದೆ. ಟಾರ್ಪಾಲಿನ್ ಮೇಲೆ ಸುರಿದು ನಾಲ್ಕು ಮೂಲೆಗಳನ್ನು ಒಂದೊಂದಾಗಿ ಎತ್ತಿ ಎದುರು ಮೂಲೆಗೆ ಮಗುಚಿ. ಹತ್ತು ಹನ್ನೆರಡು ಸಲ ಮಗುಚಿದರೆ ಸಲಿಕೆಗಿಂತ ಚೆನ್ನಾಗಿ ಬೆರೆಯುತ್ತದೆ, ಸೊಂಟವೂ ಉಳಿಯುತ್ತದೆ. ದೂಳೆದ್ದರೆ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ.

ನೀರಿನ ಹದಕ್ಕೆ ಅಳತೆ ಹೇಳಲಾಗದು, ಕೈಯೇ ಹೇಳಬೇಕು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಅಮುಕಿ, ಕೈ ಬಿಚ್ಚಿ. ಉಂಡೆ ನಿಲ್ಲಬೇಕು, ಹೆಬ್ಬೆರಳಲ್ಲಿ ಮುಟ್ಟಿದರೆ ಉದುರಬೇಕು. ಪುಟ್ಟಿನ ಹಿಟ್ಟು ಕಲಸಿ ಗೊತ್ತಿದ್ದವರಿಗೆ ಇದು ಹೊಸದಲ್ಲ, ಅದೇ ಹದ. ಬೆರಳ ಸಂದಿಯಲ್ಲಿ ನೀರು ಒಸರಿದರೆ ಹೆಚ್ಚಾಯಿತು, ಹರವಿ ಅರ್ಧ ದಿನ ಆರಿಸಿ. ಮುಷ್ಟಿ ಬಿಚ್ಚುತ್ತಲೇ ಪುಡಿಯಾದರೆ ಕಡಿಮೆ.

ಹದ ಬಂದಮೇಲೆ ಒದ್ದೆ ಗೋಣಿಚೀಲ ಹೊದಿಸಿ ನೆರಳಿನಲ್ಲಿ 10ರಿಂದ 15 ದಿನ ಬಿಡಿ, ಮಧ್ಯೆ ಎರಡು ಸಲ ಮಗುಚಿ. ಹಿಂಡಿ ಕೊಳೆಯುವಾಗ ಕಾವು, ಅಮೋನಿಯಾ ಎರಡೂ ಬರುತ್ತವೆ. ಅದು ರಾಶಿಯಲ್ಲೇ ಮುಗಿಯಲಿ, ಬೇರಿನ ಪಕ್ಕದಲ್ಲಿ ಬೇಡ. ನಾಲ್ಕನೇ ದಿನಕ್ಕೆ ಮೇಲೆ ಬಿಳಿ ಬೂಷ್ಟು ಕಂಡರೆ ಗಾಬರಿ ಬೇಡ, ಅದು ಹಿಂಡಿ ತಿನ್ನುವ ಶಿಲೀಂಧ್ರ.

ಎಲುಬಿನ ಪುಡಿ ನಮ್ಮನೇಲಿ ಆಗಲ್ಲ. ಬದಲಿಗೆ ಏನು?

ರಂಜಕಕ್ಕಾಗಿ ಹಾಕುವುದು ಅದು. ರಾಕ್ ಫಾಸ್ಫೇಟ್ ಹಾಕಬಹುದು, ಆದರೆ ಹುಳಿ ಮಣ್ಣಿನಲ್ಲಿ ಮಾತ್ರ ಸರಿಯಾಗಿ ಕರಗುತ್ತದೆ. ಕರಾವಳಿ, ಮಲೆನಾಡಿನವರಿಗೆ ಸರಿ, ಗಡಸು ಬೋರ್‌ವೆಲ್ ನೀರು ಬಳಸುವವರಿಗೆ ಹೆಚ್ಚು ಪ್ರಯೋಜನವಿಲ್ಲ. ಎರಡನ್ನೂ ಬಿಟ್ಟು ಎರೆಗೊಬ್ಬರದ ಪಾಲು ಅರ್ಧ ಹೆಚ್ಚಿಸಿದರೂ ಮೊದಲ ಬೆಳೆಗೆ ಕೊರತೆಯಾಗದು.

ಬೇವಿನ ಹಿಂಡಿ ಜಾಸ್ತಿ ಹಾಕಿದ್ರೆ ಹುಳ ಬರಲ್ಲ ತಾನೆ?

ಎಲೆಗೆ ಬರುವ ಹುಳಕ್ಕೂ ಹಿಂಡಿಗೂ ಸಂಬಂಧ ಕಡಿಮೆ. ಬೇರಿನ ಗಂಟುಹುಳಕ್ಕೆ ಸ್ವಲ್ಪ ತಡೆ, ಅಷ್ಟೇ. 20 ಲೀಟರಿಗೆ 200 ಗ್ರಾಂ ದಾಟಿದರೆ ಸಸಿಯೇ ಬಾಡುತ್ತದೆ.

ತಳದಲ್ಲಿ ಜಲ್ಲಿ, ಹೆಂಚಿನ ಚೂರು ಹಾಕ್ಬೇಕಲ್ವಾ? ಅಜ್ಜಿ ಕಾಲದಿಂದ ಹಾಕ್ತಾ ಬಂದಿದಾರೆ.

ತೂತಿನ ಮೇಲೆ ಮಣ್ಣು ಉದುರದಂತೆ ಒಂದೇ ಒಂದು ಹೆಂಚಿನ ಚೂರು ಅಥವಾ ಸೊಳ್ಳೆ ಪರದೆಯ ತುಂಡು ಇಡಿ. ಎರಡಿಂಚು ಜಲ್ಲಿ ಬೇಡ. ಕಾರಣ ನೋಡಬೇಕಿದ್ದರೆ ಪಾತ್ರೆ ಒರೆಸುವ ಸ್ಪಂಜು ತೆಗೆದುಕೊಳ್ಳಿ. ಪೂರ್ತಿ ನೆನೆಸಿ ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ, ಮತ್ತೆ ನೀರು ಸುರಿಯತೊಡಗುತ್ತದೆ. ತಳದ ಒಂದಷ್ಟು ಭಾಗ ಮಾತ್ರ ಒದ್ದೆಯಾಗಿಯೇ ಉಳಿಯುತ್ತದೆ. ಕುಂಡದ ಮಣ್ಣೂ ಹೀಗೇ. ತಳದಲ್ಲಿ ಒಂದು ಜೌಗು ಪದರ ಇದ್ದೇ ಇರುತ್ತದೆ. ಜಲ್ಲಿ ಹಾಕಿದರೆ ಆ ಪದರ ಹೋಗುವುದಿಲ್ಲ, ಜಲ್ಲಿಯ ಮೇಲಕ್ಕೆ ಏರಿ ಕೂರುತ್ತದೆ. ಬೇರಿಗೆ ಸಿಗುವ ಒಳ್ಳೆಯ ಜಾಗ ಎರಡಿಂಚು ಕಡಿಮೆ. ಅಜ್ಜಿಯ ಕಾಲದ ಮಣ್ಣಿನ ಕುಂಡದ ಗೋಡೆಯೇ ನೀರು ಹೀರಿ ಆರಿಸುತ್ತಿತ್ತು, ಅದು ಜಲ್ಲಿಯ ಪುಣ್ಯವಲ್ಲ.

ಎಲ್ಲ ಗಿಡಕ್ಕೂ ಇದೇ ಮಿಶ್ರಣ ನಡೆಯುತ್ತಾ?

ಟೊಮೇಟೊ, ಬದನೆ, ಮೆಣಸಿನಕಾಯಿ, ಹುರುಳಿಕಾಯಿ, ಸೊಪ್ಪುಗಳಿಗೆ ನಡೆಯುತ್ತದೆ. ಸೊಪ್ಪಿಗೆ 6ರಿಂದ 8 ಇಂಚು ಆಳ ಸಾಕು.

ಬೀಜ ಮೊಳೆಸುವ ಟ್ರೇಗೆ ಬೇರೆ: ತೊಳೆದ ಕೋಕೋಪೀಟ್ 2 ಪಾಲು, ಜರಡಿ ಹಿಡಿದ ಎರೆಗೊಬ್ಬರ 1 ಪಾಲು. ಹಿಂಡಿ, ಮಣ್ಣು ಎರಡೂ ಬೇಡ. ಮೂಲಂಗಿ, ಕ್ಯಾರೆಟ್‌ಗೆ ಇಡೀ ಮಿಶ್ರಣವನ್ನು ಜರಡಿ ಹಿಡಿದು ಗೊಬ್ಬರ 2 ಪಾಲಿಗೆ ಇಳಿಸಿ. ಕಲ್ಲು ಸಿಕ್ಕರೆ ಅಥವಾ ಗೊಬ್ಬರ ಹಸಿಯಿದ್ದರೆ ಗೆಡ್ಡೆ ಕವಲೊಡೆಯುತ್ತದೆ.

ಮಲ್ಲಿಗೆ, ದಾಸವಾಳ, ಕರಿಬೇವು, ನಿಂಬೆ ಒಂದೇ ಕುಂಡದಲ್ಲಿ ವರ್ಷಗಟ್ಟಲೆ ಇರುವಂಥವು. ಕೋಕೋಪೀಟ್, ಗೊಬ್ಬರ ಕರಗಿಹೋಗುತ್ತವೆ, ಮಣ್ಣು ಉಳಿಯುತ್ತದೆ. ಅದಕ್ಕೆ ಮಣ್ಣು 5, ಗೊಬ್ಬರ 3, ಕೋಕೋಪೀಟ್ 1, ದಪ್ಪ ಮರಳು 1. ಅಡೇನಿಯಂ, ಕಳ್ಳಿ, ಲೋಳೆಸರಕ್ಕೆ ದಪ್ಪ ಮರಳು ಅಥವಾ ಇಟ್ಟಿಗೆ ಚೂರು 3, ಮಣ್ಣು 1, ಗೊಬ್ಬರ 1. ಮರದ ಮೇಲೆ ಬೆಳೆಯುವ ಆರ್ಕಿಡ್‌ಗೆ ಮಣ್ಣೇ ಬೇಡ, ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯ ತುಂಡು ಸಾಕು.

ಕಾಫಿ ಚರಟ, ಮೊಟ್ಟೆ ಚಿಪ್ಪು, ಬಾಳೆಹಣ್ಣಿನ ಸಿಪ್ಪೆ ನೇರವಾಗಿ ಹಾಕಬಹುದಾ?

ಕಾಂಪೋಸ್ಟ್ ಡಬ್ಬಿಗೆ ಹಾಕಿ, ಕುಂಡಕ್ಕಲ್ಲ. ಹಸಿ ಸಿಪ್ಪೆಗೆ ನೊಣ, ಇಲಿ ಬರುತ್ತವೆ. ಚರಟ ದಪ್ಪನಾಗಿ ಹರಡಿದರೆ ಒಣಗಿ ಹಪ್ಪಳವಾಗಿ ನೀರು ಇಳಿಯಲು ಬಿಡುವುದಿಲ್ಲ. ಚಿಪ್ಪನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡದಿದ್ದರೆ ವರ್ಷವಾದರೂ ಹಾಗೇ ಸಿಗುತ್ತದೆ.

## ಏನೋ ಕೆಟ್ಟಿದೆ ಅನ್ನಿಸಿದಾಗ

ನೀರು ಹಾಕಿದ ಕೂಡಲೇ ಕೆಳಗಿಂದ ಬರುತ್ತೆ. ನೀರು ಚೆನ್ನಾಗಿ ಇಳೀತಿದೆ ಅಂತ ತಾನೆ ಅರ್ಥ?

ಕುಂಡ ಎತ್ತಿ ನೋಡಿ. ನೀರು ಕುಡಿದ ಭಾರವಿದ್ದರೆ ಸರಿ. ಹಗುರವಿದ್ದರೆ ಕೋಕೋಪೀಟ್ ಪೂರ್ತಿ ಒಣಗಿ ನೀರನ್ನು ತಳ್ಳುತ್ತಿದೆ, ನೀರು ಬದಿಯಿಂದ ಜಾರಿಹೋಗುತ್ತಿದೆ. ಟಬ್ಬಿನಲ್ಲಿ ನಾಲ್ಕಿಂಚು ನೀರು ತುಂಬಿ ಕುಂಡವನ್ನು ಅರ್ಧ ಗಂಟೆ ಕೂರಿಸಿ, ತಳದಿಂದ ಹೀರಿಕೊಳ್ಳಲಿ. ಆಮೇಲೆ ಎರಡಿಂಚು ಒಣ ಎಲೆ ಹೊದಿಸಿದರೆ ಮತ್ತೆ ಹೀಗಾಗದು.

ಗೊಬ್ಬರ ಇಷ್ಟು ಹಾಕಿದ್ರೂ ಎಲೆ ಹಳದಿ. ಯಾಕೆ?

ಯಾವ ಎಲೆ ಎಂದು ಮೊದಲು ನೋಡಿ. ಕೆಳಗಿನ ಹಳೆ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆ. ಮರದ ಹೊಟ್ಟು, ಕಳಿಯದ ಒಣ ಎಲೆ ಮಿಶ್ರಣದಲ್ಲಿದ್ದರೆ ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಸಾರಜನಕವನ್ನು ಮೊದಲು ತಿಂದುಬಿಡುತ್ತವೆ, ಗಿಡಕ್ಕೆ ಉಳಿಯುವುದಿಲ್ಲ. 50 ಗ್ರಾಂ ಹೊಂಗೆ ಹಿಂಡಿಯನ್ನು 5 ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಸೋಸಿ, ಅಷ್ಟೇ ನೀರು ಸೇರಿಸಿ ಕುಂಡಕ್ಕೆ ಅರ್ಧ ಲೀಟರ್ ಕೊಡಿ. ವಾಸನೆಗೆ ಪಕ್ಕದ ಮನೆಯವರ ಕ್ಷಮೆ ಮೊದಲೇ ಕೇಳಿರಿ.

ತುದಿಯ ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಕಬ್ಬಿಣದಂಶ ಸಿಗುತ್ತಿಲ್ಲ. ಬೋರ್‌ವೆಲ್ ನೀರಿನ ಸುಣ್ಣದಂಶ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿಸಿದಾಗ ಹೀಗಾಗುವುದುಂಟು, ಕುಂಡದ ಅಂಚಿನಲ್ಲಿ ಬಿಳಿ ಪಟ್ಟೆ ಕಾಣುತ್ತದೆ. ಇಂಥವರು ಬೂದಿ, ಸುಣ್ಣ, ಚಿಪ್ಪು ಮುಟ್ಟಲೇಬೇಡಿ. ಮಳೆನೀರು ಹಿಡಿದು ಹಾಕಿ, ಎರೆಗೊಬ್ಬರ ಹೆಚ್ಚಿಸಿ.

ಮಣ್ಣಲ್ಲಿ ಬಿಳಿ ದಪ್ಪ ಹುಳ ಸಿಕ್ತು, ಸಣ್ಣ ಕಪ್ಪು ನೊಣಾನೂ ಹಾರ್ತಾವೆ.

‘ಸಿ’ ಆಕಾರಕ್ಕೆ ಮುದುರಿಕೊಳ್ಳುವ ಬಿಳಿ ಹುಳ ಗೊಣ್ಣೆಹುಳು, ಕೊಟ್ಟಿಗೆ ಗೊಬ್ಬರದ ಜೊತೆ ಬರುತ್ತದೆ. ಕೆಲವು ಜಾತಿ ಬೇರು ಕಡಿಯುತ್ತವೆ. ಗೊಬ್ಬರ ಜರಡಿ ಹಿಡಿಯುವಾಗಲೇ ಆರಿಸಿ ಕಾಗೆಗೆ ಹಾಕಿ. ಸಣ್ಣ ನೊಣ ಬಂದರೆ ಮೇಲ್ಮಣ್ಣು ಸದಾ ಒದ್ದೆ ಎಂದರ್ಥ. ಮೇಲಿನ ಒಂದಿಂಚು ಒಣಗುವ ತನಕ ನೀರು ನಿಲ್ಲಿಸಿ, ಅರ್ಧ ಇಂಚು ಮರಳು ಹರಡಿ.

## ಸ್ವಲ್ಪ ಕೈ ಪಳಗಿದ ಮೇಲೆ

ಟೊಮೇಟೊ ಮುಗೀತು. ಅದೇ ಮಣ್ಣನ್ನ ಮತ್ತೆ ಬಳಸಬಹುದಾ?

ಕಿತ್ತ ಗಿಡದ ಬೇರು ನೋಡಿ ತೀರ್ಮಾನಿಸಿ. ಬೇರು ನೇರವಾಗಿ ಬಿಳಿಯಾಗಿದ್ದರೆ ದೊಡ್ಡ ಬೇರು ತೆಗೆದು, 10 ಪಾಲು ಹಳೆ ಮಣ್ಣಿಗೆ 3 ಪಾಲು ಗೊಬ್ಬರ, 1 ಪಾಲು ಸುಟ್ಟ ಹೊಟ್ಟು, 20 ಲೀಟರಿಗೆ 50 ಗ್ರಾಂ ಹಿಂಡಿ ಸೇರಿಸಿ ಮತ್ತೆ ಹದಿನೈದು ದಿನ ಬಿಡಿ. ಒಂದು ಬೆಳೆಗೆ ಮಣ್ಣು ಎರಡು ಮೂರು ಇಂಚು ಇಳಿದಿರುವುದು ಸಹಜ, ಗೊಬ್ಬರ ಕರಗಿದ ಲೆಕ್ಕ ಅದು. ಮುಂದಿನ ಬೆಳೆ ಬದನೆ, ಮೆಣಸಿನಕಾಯಿ ಬೇಡ, ಮೂರೂ ಒಂದೇ ಕುಟುಂಬ. ಹುರುಳಿಕಾಯಿಯೋ ಸೊಪ್ಪೋ ಹಾಕಿ.

ಬೇರಿನಲ್ಲಿ ಮಣಿ ಪೋಣಿಸಿದಂತೆ ಗಂಟು ಕಂಡರೆ ಗಂಟುಹುಳದ ಬಾಧೆ. ಆ ಮಣ್ಣನ್ನು ಏಪ್ರಿಲ್, ಮೇ ಬಿಸಿಲಿನಲ್ಲಿ ಆರಿಂಚು ದಪ್ಪಕ್ಕೆ ಹರಡಿ, ಪೂರ್ತಿ ನೆನೆಸಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚು ಬಿಗಿದು 4ರಿಂದ 6 ವಾರ ಬಿಡಿ. ಕಪ್ಪು ಹಾಳೆ ಬೇಡ, ಅದು ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ಒಣ ಮಣ್ಣಿಗೆ ಹೊದಿಸಿದರೂ ಉಪಯೋಗವಿಲ್ಲ.

ಟ್ರೈಕೋಡರ್ಮಾ, ಜೀವಾಮೃತ, ಮೈಕ್ರೋಬಿಯಲ್ ಪುಡಿ... ಎಲ್ಲಾ ಹಾಕ್ಬೇಕಾ?

ಗಾಳಿಯಾಡದ ಮಣ್ಣಿಗೆ ಇವು ಯಾವುದೂ ಉಪಕಾರ ಮಾಡವು. ಮಿಶ್ರಣ ಸರಿಯಿದ್ದರೆ ಒಂದನ್ನು ಆರಿಸಿಕೊಳ್ಳಿ. ಸಸಿ ಬುಡ ಕೊಳೆತು ಬೀಳುತ್ತಿದ್ದರೆ ಟ್ರೈಕೋಡರ್ಮಾ, ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ: 20 ಲೀಟರ್ ಬಕೆಟ್ ಗೊಬ್ಬರಕ್ಕೆ 100 ಗ್ರಾಂ ಬೆರೆಸಿ, ಒದ್ದೆ ಗೋಣಿಯಡಿ ಒಂದು ವಾರ ಇಟ್ಟು ಆಮೇಲೆ ಮಣ್ಣಿಗೆ. ಪೊಟ್ಟಣದ ಮೇಲಿನ ಅವಧಿ ದಿನಾಂಕ ನೋಡಿ, ಒಳಗಿರುವುದು ಜೀವಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಮೈಕ್ರೋಬಿಯಲ್ ಕನ್ಸಾರ್ಷಿಯಂ ಸಾರಜನಕ ಸ್ಥಿರೀಕರಿಸುವ, ರಂಜಕ ಕರಗಿಸುವ ಜೀವಿಗಳ ಮಿಶ್ರಣ. ಬೀಜದ ಟ್ರೇಗೆ ಹೊಂದುತ್ತದೆ.

ಜೀವಾಮೃತ ಮನೆಮಟ್ಟಿಗೆ: 10 ಲೀಟರ್ ನೀರು, ಸಗಣಿ 500 ಗ್ರಾಂ, ಗಂಜಲ ಅರ್ಧ ಲೀಟರ್, ಬೆಲ್ಲ 100 ಗ್ರಾಂ, ಕಡಲೆ ಹಿಟ್ಟು 100 ಗ್ರಾಂ, ಒಂದು ಹಿಡಿ ಮಣ್ಣು. ನೆರಳಲ್ಲಿ 48 ಗಂಟೆ, ಬೆಳಗ್ಗೆ ಸಂಜೆ ಕದಡಿ. ಹತ್ತು ಪಟ್ಟು ನೀರು ಸೇರಿಸಿ ಕುಂಡಕ್ಕೆ ಅರ್ಧ ಲೀಟರ್, ಹದಿನೈದು ದಿನಕ್ಕೊಮ್ಮೆ. ಒಂದು ವಾರದೊಳಗೆ ಮುಗಿಸಿ.

ತಾರಸಿ ಎಷ್ಟು ಭಾರ ತಡೆಯುತ್ತೆ?

ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875 ಹೇಳುವ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ. ನೀರು ಕುಡಿದ 20 ಲೀಟರ್ ಚೀಲ 24 ಕೆಜಿ ತೂಗುತ್ತದೆ ಎನ್ನೋಣ. ಒತ್ತೊತ್ತಾಗಿಟ್ಟರೆ ಒಂದು ಚದರ ಮೀಟರಿಗೆ 10 ಚೀಲ, 240 ಕೆಜಿ. ಹಾಗಾಗಿ 5 ಚೀಲಕ್ಕೆ ನಿಲ್ಲಿಸಿ, ಭಾರದವನ್ನು ಗೋಡೆ ಮತ್ತು ತೊಲೆಯ ನೇರಕ್ಕೆ ಸಾಲಾಗಿ ಇಡಿ. ಹಳೆಯ ಕಟ್ಟಡವಾದರೆ ಎಂಜಿನಿಯರನ್ನು ಕೇಳದೆ ಏರಿಸಬೇಡಿ.

ನಾವು ಅಮೆರಿಕದಲ್ಲಿದೀವಿ, ಇಲ್ಲಿ ಕೋಕೋಪೀಟ್‌ಗಿಂತ ಪೀಟ್ ಮಾಸ್ ಸುಲಭವಾಗಿ ಸಿಗುತ್ತೆ. ಎರಡೂ ಒಂದೇನಾ?

ಒಂದೇ ಅಲ್ಲ. ಪೀಟ್ ಮಾಸ್ ಜೌಗುನೆಲದ ಪಾಚಿ, ಬಹಳ ಹುಳಿ. ಅದಕ್ಕೆ ಕೃಷಿ ಸುಣ್ಣ ಬೇಕೇ ಬೇಕು. ಕೋಕೋಪೀಟ್ ‘ಕಾಯರ್’ ಎಂಬ ಹೆಸರಲ್ಲಿ ಸಿಗುತ್ತದೆ, ಸುಣ್ಣ ಬೇಡ. ಮಣ್ಣು ಬಿಟ್ಟು ಕಾಯರ್, ಕಾಂಪೋಸ್ಟ್, ಪರ್ಲೈಟ್ ಸಮಪಾಲು ಹಾಕಿದರೆ ಕರಿಬೇವನ್ನು ಚಳಿಗಾಲಕ್ಕೆ ಒಳಗೆ ಎತ್ತಿಡಲೂ ಹಗುರ.

ಒಬ್ಬೊಬ್ಬರು ಒಂದೊಂದು ಅಳತೆ ಹೇಳ್ತಾರೆ. ನಂದು ಸರಿಯಿದೆ ಅಂತ ಪರೀಕ್ಷೆ ಮಾಡೋದು ಹೇಗೆ?

ಗಾಳಿಯನ್ನೇ ಅಳೆಯಬಹುದು. ಒಂದು ಲೀಟರಿನ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ನಾಲ್ಕು ತೂತು ಹಾಕಿ. ಮಿಶ್ರಣ ತುಂಬಿ, ಒಮ್ಮೆ ನೀರು ಹಾಕಿ ಕೂರಿಸಿ, ಕಡಿಮೆಯಾದಷ್ಟನ್ನು ಮತ್ತೆ ತುಂಬಿ. ಈಗ ತೂತುಗಳಿಗೆ ಟೇಪ್ ಅಂಟಿಸಿ, ಮೇಲ್ಮೈ ಮಿನುಗುವ ತನಕ ನಿಧಾನವಾಗಿ ನೀರು ಹನಿಸಿ, ಒಂದು ಗಂಟೆ ಬಿಡಿ. ಬಟ್ಟಲಿನ ಮೇಲೆ ಹಿಡಿದು ಟೇಪ್ ಕಿತ್ತು, ತೊಟ್ಟಿಕ್ಕುವುದು ನಿಂತಮೇಲೆ ಬಟ್ಟಲಿನ ನೀರು ಅಳೆಯಿರಿ. ಬಿದ್ದ ನೀರಿನ ಜಾಗಕ್ಕೆ ಬಂದದ್ದು ಗಾಳಿ. 150ರಿಂದ 200 ಮಿಲಿಲೀಟರ್ ಬಂದರೆ ತರಕಾರಿಗೆ ಸರಿ. 100ಕ್ಕಿಂತ ಕಡಿಮೆಯಿದ್ದರೆ ಸುಟ್ಟ ಹೊಟ್ಟು ಒಂದು ಪಾಲು ಹೆಚ್ಚಿಸಿ ಮತ್ತೆ ಅಳೆಯಿರಿ. 300 ದಾಟಿದರೆ ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು ಹಾಕಬೇಕಾದೀತು, ಗೊಬ್ಬರವನ್ನೋ ಮಣ್ಣನ್ನೋ ಏರಿಸಿ. ಗಿಡ್ಡ ಡಬ್ಬಿಯಲ್ಲಿ ಜೌಗು ಪದರದ ಪಾಲು ಹೆಚ್ಚಿರುವುದರಿಂದ ಗಾಳಿ ಕಡಿಮೆ ತೋರಿಸುತ್ತದೆ. ಪ್ರತಿ ಸಲವೂ ಅದೇ ಡಬ್ಬಿಯಲ್ಲಿ ಅಳೆಯಿರಿ.